ಭಾಷೆಯ ಬಗ್ಗೆ ಸಾಮಾನ್ಯ ಓದುಗರಿಗೆ ಲೇಖನ ಬರೆಯುವ ಬಗೆ

ಭಾಷಾವಿಜ್ಞಾನವನ್ನು ಎಲ್ಲರಿಗೂ ತಲುಪಿಸುವ ಪತ್ರಿಕೆಗೆ ಬರೆಯುವವರು ಮೊದಲು ವಿಷಯವನ್ನು ಕಿರಿದಾಗಿಸಿಕೊಳ್ಳಬೇಕು. ‘ಕನ್ನಡದ ಹಿರಿಮೆ’ ಎಂಬಂಥ ತಲೆಬರಹದಡಿ ಹೊಸದೇನನ್ನೂ ಹೇಳಲಾಗುವುದಿಲ್ಲ. ಕಿವಿಗೆ ಬಿದ್ದ ಒಂದು ಪ್ರಶ್ನೆ ಸಾಕು, ಮತ್ತು ಒಂದೇ ಬೀದಿಯಲ್ಲಿ ಮೂರು ನಾಲ್ಕು ಭಾಷೆಗಳು ಕೇಳಿಬರುವ ಬೆಂಗಳೂರಿನಲ್ಲಿ ಅಂಥ ಪ್ರಶ್ನೆಗಳಿಗೆ ಬರವಿಲ್ಲ.

ಉದಾಹರಣೆಗೆ, ನಾವು ಹಾಲು ಎನ್ನುವುದನ್ನು ತಮಿಳರು ಪಾಲ್ ಎಂದೂ ತೆಲುಗರು ಪಾಲು ಎಂದೂ ಏಕೆ ಕರೆಯುತ್ತಾರೆ? ಒಂದು ಜೋಡಿಯನ್ನು ನೆಚ್ಚಿ ಬರೆಯಬೇಡಿ, ಅದು ಆಕಸ್ಮಿಕವಾಗಿರಬಹುದು. ಹುಲಿಗೆ ಆ ಎರಡೂ ಭಾಷೆಗಳಲ್ಲಿ ಪುಲಿ, ಹತ್ತಕ್ಕೆ ತಮಿಳಿನಲ್ಲಿ ಪತ್ತು, ತೆಲುಗಿನಲ್ಲಿ ಪದಿ ಎಂದು ಸಾಲಾಗಿ ಇಟ್ಟಾಗ, ಪದದ ಮೊದಲಿನ ‘ಪ’ ಕನ್ನಡದಲ್ಲಿ ‘ಹ’ ಆಗಿದೆ ಎಂಬ ನಿಯಮ ತಾನಾಗಿ ಕಾಣುತ್ತದೆ. ಅನಂತರ ಹಳೆಯ ಪ್ರಯೋಗಗಳನ್ನು ನೋಡಬೇಕು. ಹತ್ತನೆಯ ಶತಮಾನದ ಪಂಪನಲ್ಲಿ ಪುಲಿ ಇದೆ. ನಡುಗನ್ನಡದ ಹೊತ್ತಿಗೆ ಹಕಾರ ನೆಲೆಯೂರಿದೆ. ಇದಕ್ಕೆ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಹೊರತಂದ ಎಂಟು ಸಂಪುಟಗಳ ಕನ್ನಡ–ಕನ್ನಡ ನಿಘಂಟೂ 1894ರ ಕಿಟ್ಟೆಲ್ ನಿಘಂಟೂ ನೆರವಾಗುತ್ತವೆ.

ನಿಯಮಕ್ಕೆ ಒಗ್ಗದ ಪದಗಳನ್ನು ಮುಚ್ಚಿಡಬಾರದು. ಪತ್ರ, ಪುಸ್ತಕ, ಪಾಠ ಇವು ಸಂಸ್ಕೃತದವು, ಆದ್ದರಿಂದ ಪಕಾರ ಉಳಿಯಿತು ಎಂದು ಹೇಳಿ ಮುಗಿಸಿದರೆ, ಅಚ್ಚಗನ್ನಡದವೇ ಆದ ‘ಪಡು’, ‘ಪಡೆ’ ಏಕೆ ಹಾಗೇ ಉಳಿದವು ಎಂದು ಜಾಣ ಓದುಗರು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಯನ್ನು ನೀವೇ ಎತ್ತುವುದು ಲೇಸು. (ನನ್ನ ಮಟ್ಟಿಗೆ ಲೇಖನದ ನಿಜವಾದ ಸ್ವಾರಸ್ಯ ಇರುವುದೂ ಅಲ್ಲಿಯೇ.)

ಪಾರಿಭಾಷಿಕ ಪದಗಳನ್ನು ಬಳಸುವ ಮುನ್ನ ಅವು ಸೂಚಿಸುವುದನ್ನು ತೋರಿಸಿ. ‘ಪ’ ಎನ್ನುವಾಗ ತುಟಿಗಳು ಮುಚ್ಚಿ ತೆರೆಯುತ್ತವೆ, ‘ಹ’ ಎನ್ನುವಾಗ ಗಂಟಲಿನಿಂದ ಉಸಿರಷ್ಟೇ ಹೊರಡುತ್ತದೆ ಎಂದು ಬರೆದ ಮೇಲೆ ‘ಓಷ್ಠ್ಯ’ ಎಂಬ ಪದ ಯಾರನ್ನೂ ಹೆದರಿಸುವುದಿಲ್ಲ.

ನಮ್ಮೂರಿನ ಮಟ್ಟಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ತಮಿಳು ಹಳೆಯ ಪಕಾರವನ್ನು ಉಳಿಸಿಕೊಂಡಿದೆ ಎಂದಮಾತ್ರಕ್ಕೆ ಕನ್ನಡ ತಮಿಳಿನಿಂದ ಹುಟ್ಟಿತೆಂದಾಗದು; ಎರಡೂ ಮೂಲ ದ್ರಾವಿಡದಿಂದ ಕವಲೊಡೆದವು, ಬೇರೆ ಬೇರೆ ಅಂಶಗಳಲ್ಲಿ ಬದಲಾದವು. ಈ ವಾಕ್ಯವನ್ನು ಅಡಿಟಿಪ್ಪಣಿಗೆ ತಳ್ಳದೆ, ಹೋಲಿಕೆಯ ಪಟ್ಟಿ ಬರುವ ಕಡೆಯೇ ಬರೆಯಿರಿ.