ಬ್ರೇಕ್ ಆದಮೇಲೆ ಮೆದುಳು ಸಂಶೋಧನೆಗೆ ವಾಪಸ್: ವೈಸ್ ಫೆಲೋಶಿಪ್ ಅರ್ಜಿ ಬರೆಯುವುದು ಹೇಗೆ?

ಮದುವೆ, ಮಗು, ಗಂಡನ ವರ್ಗಾವಣೆ. ಎಂಎಸ್ಸಿ ಮುಗಿಸಿದ ಎಷ್ಟೋ ಹೆಣ್ಣುಮಕ್ಕಳು ಲ್ಯಾಬ್ ಬಿಟ್ಟಿದ್ದು ಈ ಮೂರರಲ್ಲಿ ಒಂದಕ್ಕೆ. ಅಂಥವರನ್ನು ಮರಳಿ ಕರೆತರಲು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2002-03ರಲ್ಲೇ ಮಹಿಳಾ ವಿಜ್ಞಾನಿ ಯೋಜನೆ ಶುರು ಮಾಡಿತು. ಈಗ ಅದೇ ಇಲಾಖೆಯ ವೈಸ್-ಕಿರಣ್ ಎಂಬ ಮಹಿಳಾ ಯೋಜನೆಯಡಿ, ಪಿಎಚ್‌ಡಿ ಮಾಡುವವರಿಗೆ ವೈಸ್-ಪಿಎಚ್‌ಡಿ (27ರಿಂದ 45 ವರ್ಷ), ಪಿಎಚ್‌ಡಿ ಮುಗಿಸಿದವರಿಗೆ ವೈಸ್-ಪಿಡಿಎಫ್ (27ರಿಂದ 60) ಎಂಬ ಫೆಲೋಶಿಪ್‌ಗಳಿವೆ. ಗೆಳತಿಯರ ಅರ್ಜಿ ಓದಿಕೊಡುವ ಕೆಲಸ ನನ್ನ ಪಾಲಿಗೆ ಬಂದು ಕೆಲವು ವರ್ಷವಾಯಿತು. ಅರ್ಜಿಗೆ ಐದು ಹಂತ, ಹೆಚ್ಚಿನವರು ಎಡವುವುದು ಮೂರನೆಯದರಲ್ಲಿ.

ಮೊದಲನೆಯದು, ಹಣದ ದಾರಿ. ಪರಿಶಿಷ್ಟ ಜಾತಿಯವರಿಗೆ ವರ್ಷಕ್ಕೆ 2,000, ಪಂಗಡದವರಿಗೆ 750 ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಮೆದುಳು ವಿಜ್ಞಾನದ ಪಿಎಚ್‌ಡಿಗೂ ಅವು ನಡೆಯುತ್ತವೆ. ನಿಮಗೆ ಸಿಗುವಂತಿದ್ದರೆ ಅದನ್ನೇ ಮೊದಲು ನೋಡಿ. ಎರಡು ಫೆಲೋಶಿಪ್ ಒಟ್ಟಿಗೆ ಪಡೆಯಲು ಬರುವುದಿಲ್ಲ.

ಎರಡನೆಯದು, ಮಾರ್ಗದರ್ಶಕರು. ಬೆಂಗಳೂರಿನಲ್ಲಾದರೆ ನಿಮ್ಹಾನ್ಸ್, ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ), ಜೀವವಿಜ್ಞಾನ ಸಂಶೋಧನೆಯ ಎನ್‌ಸಿಬಿಎಸ್ ಇವೆ. ಒಂದೇ ಮೇಲ್ ಇಪ್ಪತ್ತು ಜನಕ್ಕೆ ಕಳಿಸಬೇಡಿ, ಗೊತ್ತಾಗಿಬಿಡುತ್ತದೆ. ಅವರ ಎರಡು ಸಂಶೋಧನಾ ಪೇಪರ್ ಓದಿ ಐದು ಸಾಲು ಬರೆಯಿರಿ. ದೊಡ್ಡ ಹೆಸರಿಗಿಂತ, ಕೇಳಿದಾಗ ಸಿಗುವ ಗೈಡೇ ಮೇಲು.

ಮೂರನೆಯದು, ಸಂಶೋಧನೆಯ ಪ್ರಶ್ನೆ. ಇಲ್ಲಿ ಅವಸರ ಬೇಡ. 'ಮರೆವಿನ ಕಾಯಿಲೆಗೆ ಕಾರಣ ಹುಡುಕುವುದು' ಎಂದು ಬರೆದ ಅರ್ಜಿಗಳನ್ನು ನಾಲ್ಕೈದು ನೋಡಿದ್ದೇನೆ. ನೂರಾರು ಲ್ಯಾಬ್‌ಗಳ ಕೆಲಸ ಅದು, ಒಬ್ಬರ ಪಿಎಚ್‌ಡಿಯದಲ್ಲ. ಕಿರಿದು ಮಾಡಿ: 'ಕಿವಿ ಮಂದವಾದ, ಅರವತ್ತು ದಾಟಿದ ಕನ್ನಡಿಗರಲ್ಲಿ ಪದಗಳ ನೆನಪು ಕುಗ್ಗಿರುತ್ತದೆಯೇ?' ಈಗ ಅದನ್ನು ನೀವೇ ಕೆಣಕಿ. ಪದವೇ ಕೇಳಿಸದಿದ್ದರೆ ನೆನಪಿಡುವುದೇನು? ಹಾಗಾದರೆ ಪದ ಬರೆದು ತೋರಿಸಬೇಕು. ಓದಲು ಬಾರದ ಅಜ್ಜಿ ಬಂದರೆ? ಚಿತ್ರ ತೋರಿಸಬೇಕು. ಇಷ್ಟು ಯೋಚಿಸಿದ್ದೀರಿ ಎಂದು ಅರ್ಜಿಯಲ್ಲಿ ಕಂಡರೆ ಅರ್ಧ ಗೆದ್ದಂತೆ.

ನೆನಪು, ಭಾಷೆ ಅಳೆಯುವ ಇಂಗ್ಲಿಷ್ ಪರೀಕ್ಷೆಯನ್ನು ರಾತ್ರೋರಾತ್ರಿ ಕನ್ನಡಕ್ಕೆ ತಿರುಗಿಸಬೇಡಿ. ಅಲ್ಲಿ 'ಈ ಅಕ್ಷರದಿಂದ ಶುರುವಾಗುವ ಪದ ಹೇಳಿ' ಎನ್ನುತ್ತಾರೆ. ನಮ್ಮಲ್ಲಿ 'ಕ' ಅಂದರೆ ಕಾಗೆ, ಕಿಟಕಿ, ಕುರಿ ಲೆಕ್ಕಕ್ಕೆ ಬರುತ್ತವೋ ಇಲ್ಲವೋ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಐದು ಭಾಷೆಗಳಲ್ಲಿ ತಯಾರಿಸಿದ ಇಂಥ ಪರೀಕ್ಷೆಗಳ ಗುಚ್ಛ ಇದೆ, ಕನ್ನಡವೂ ಅದರಲ್ಲಿದೆ. ಅದನ್ನು ಬಳಸಿ. ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರ ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನ ಹಿರಿಯರ ಮೇಲೆ ದೀರ್ಘ ಅಧ್ಯಯನ ನಡೆಸುತ್ತಿದೆ. ಅದಕ್ಕಿಂತ ನಿಮ್ಮದು ಎಲ್ಲಿ ಬೇರೆ, ಒಂದು ಸಾಲು ಬರೆಯಿರಿ.

ಉಪಕರಣದ ವಿಷಯ. ಎಂಆರ್‌ಐ ಬೇಕೆಂದರೆ ಅದರ ಸಮಯ ನಿಮಗೆ ಸಿಗುತ್ತದೆ ಎಂದು ಲಿಖಿತವಾಗಿ ಪಡೆಯಿರಿ. ಆನ್‌ಲೈನ್‌ನಲ್ಲಿ ಸಿಗುವ ಧ್ಯಾನದ ಹೆಡ್‌ಬ್ಯಾಂಡ್ ಹಾಕಿ ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ದಾಖಲೆ) ಮಾಡುತ್ತೇನೆ ಎಂದು ಒಬ್ಬಾಕೆ ಬರೆದಿದ್ದಳು. ನಾಲ್ಕು ಎಲೆಕ್ಟ್ರೋಡಿನ ಆಟಿಕೆ ಅದು! ಲ್ಯಾಬ್‌ನಲ್ಲಿರುವ ಇಇಜಿಯನ್ನೇ ಕೇಳಿ. ಮನುಷ್ಯರ ಮೇಲಿನ ಕೆಲಸಕ್ಕೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಇಲಿಗಳಾದರೆ ಪ್ರಾಣಿ ಸಮಿತಿಯದು. ತಿಂಗಳುಗಟ್ಟಲೆ ಹಿಡಿಯಬಹುದು. ಕೆಲಸದ ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗ ಬಿಡಿ.

ಪೀಠಿಕೆಯನ್ನು ಎಐ ಹತ್ತಿರ ಬರೆಸುವವರು ಈಗ ಜಾಸ್ತಿ. ಇಲ್ಲದ ಪೇಪರನ್ನು ಇದೆ ಎಂದು ಅದು ತಣ್ಣಗೆ ಹೇಳುತ್ತದೆ. ಉಲ್ಲೇಖಗಳ ಪಟ್ಟಿಯಲ್ಲಿರುವ ಪ್ರತಿ ಪೇಪರನ್ನೂ ತೆರೆದು ನೋಡಿ.

ನಾಲ್ಕನೆಯದು, ಬಿಟ್ಟುಹೋದ ವರ್ಷಗಳು. ಎರಡೇ ಸಾಲು: ಯಾವಾಗಿಂದ ಯಾವಾಗ, ಯಾಕೆ. ಕ್ಷಮೆ ಕೇಳುವ ಧಾಟಿ ಬೇಡ, ಕಣ್ಣೀರಿನ ಕಥೆಯೂ ಬೇಡ. ಆ ಹೊತ್ತಿನಲ್ಲಿ ಪಾಠ ಹೇಳಿದ್ದರೆ, ಕೋಡಿಂಗ್ ಕಲಿತಿದ್ದರೆ ಸೇರಿಸಿ.

ಕೊನೆಯದು ಸಹಿ. ಸಂಸ್ಥೆಯ ಮುಖ್ಯಸ್ಥರ ಒಪ್ಪಿಗೆ ಪತ್ರಕ್ಕೆ ಮೂರು ವಾರ ಮೊದಲೇ ಓಡಾಡಿ. ನನ್ನ ಗೆಳತಿಯೊಬ್ಬಳು ಕೊನೆಯ ದಿನ ಹೋದಾಗ ಸಾಹೇಬರು ರಜೆಯಲ್ಲಿದ್ದರು, ಸೀಲು ಬೀರುವಿನಲ್ಲಿತ್ತು, ಬೀಗದ ಕೈ ಇನ್ಯಾರ ಹತ್ತಿರವೋ ಇತ್ತು.