ಫ್ರೀಸ್ಟೈಲ್ ಈಜಿನ ವೇಗ ಹೆಚ್ಚಬೇಕಾ? ಮೊದಲು ನೀರಿನ ತಡೆ ಕಡಿಮೆ ಮಾಡಿ

ಟೈಮಿಂಗ್ ಕಡಿಮೆ ಆಗ್ತಿಲ್ಲ ಅಂದರೆ ಹೆಚ್ಚಿನವರು ಕೈಯನ್ನು ಇನ್ನೂ ಜೋರಾಗಿ ಬೀಸಲು ಶುರು ಮಾಡುತ್ತಾರೆ. ಅದು ಆಮೇಲಿನ ಕೆಲಸ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ವೇಗ ಎರಡು ಪಟ್ಟಾದರೆ ನೀರಿನ ತಡೆ ಹೆಚ್ಚುಕಮ್ಮಿ ನಾಲ್ಕು ಪಟ್ಟು ಆಗುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟು. ಬರೀ ತೋಳಿನ ಬಲ ನಂಬಿಕೊಂಡರೆ ಇದು ಗೆಲ್ಲುವ ಲೆಕ್ಕ ಅಲ್ಲ.

ಹಾಗಾಗಿ ಮೊದಲು ಮೈ ನೇರ ಮಾಡಿಕೊಳ್ಳಿ. ಶ್ವಾಸಕೋಶದಲ್ಲಿ ಗಾಳಿ ಇರುವುದರಿಂದ ಎದೆ ತೇಲುತ್ತದೆ, ಕಾಲು ಮುಳುಗುತ್ತದೆ. ತಲೆ ಎತ್ತಿ ಮುಂದೆ ನೋಡಿದಿರೋ, ಸೊಂಟ ಇನ್ನೂ ಕೆಳಗಿಳಿಯುತ್ತದೆ. ಪೂಲಿನ ತಳ ನೋಡುತ್ತಾ ಈಜಿ, ಎದೆಯನ್ನು ಸ್ವಲ್ಪ ನೀರಿನೊಳಕ್ಕೆ ಒತ್ತಿ ಹಿಡಿಯಿರಿ. ಉಸಿರಿಗೆ ತಲೆ ಎತ್ತಬೇಡಿ, ಮೈ ಹೊರಳುವಾಗ ಅದರ ಜೊತೆಗೇ ಪಕ್ಕಕ್ಕೆ ತಿರುಗಿಸಿ. ಒಂದು ಕಣ್ಣು ನೀರಿನೊಳಗೇ ಇದ್ದರೆ ಸರಿಯಾಗಿದೆ ಅಂತ ಅರ್ಥ.

ಇನ್ನು ನಿಜವಾದ ವಿಷಯ, ಕ್ಯಾಚ್, ಅಂದರೆ ಕೈ ನೀರಿಗಿಳಿದ ಮೇಲೆ ತಳ್ಳಲು ನೀರನ್ನು ಹಿಡಿಯುವ ಹಂತ. ಕೈ ನೀರಿಗೆ ಹೋದ ತಕ್ಷಣ ಅದನ್ನು ನೇರವಾಗಿಟ್ಟು ಕೆಳಕ್ಕೆ ಒತ್ತುವವರೇ ಜಾಸ್ತಿ. ಕೆಳಕ್ಕೆ ಒತ್ತಿದರೆ ಮೈ ಮೇಲೇಳುತ್ತದೆ ಅಷ್ಟೇ, ಮುಂದೆ ಹೋಗುವುದಿಲ್ಲ. ನೀರನ್ನು ಹಿಂದಕ್ಕೆ ತಳ್ಳಿದರೆ ಮಾತ್ರ ನೀವು ಮುಂದಕ್ಕೆ ಹೋಗುತ್ತೀರಿ, ಅಲ್ವಾ? ಅದಕ್ಕೆ ಮೊಣಕೈ ಮೇಲೆಯೇ ಇರಬೇಕು, ಬೆರಳ ತುದಿ ತಳದ ಕಡೆ ತಿರುಗಬೇಕು, ಅಂಗೈ ಮತ್ತು ಮುಂಗೈ (ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ) ಎರಡೂ ಸೇರಿ ಒಂದೇ ಹಲಗೆಯಂತೆ ನೀರನ್ನು ಹಿಡಿಯಬೇಕು, ಆಮೇಲೆ ತೊಡೆಯ ಪಕ್ಕದವರೆಗೂ ವೇಗ ಏರಿಸುತ್ತಾ ತಳ್ಳಬೇಕು. ಬೆರಳುಗಳನ್ನು ಬಿಗಿಯಾಗಿ ಜೋಡಿಸಬೇಕಿಲ್ಲ, ಸ್ವಲ್ಪ ಸಂದಿ ಇದ್ದರೂ ನಷ್ಟವಿಲ್ಲ. ಇದು ಅಭ್ಯಾಸವಾಗಲು ಮುಷ್ಟಿ ಕಟ್ಟಿ ಒಂದು ಲ್ಯಾಪ್ ಈಜಿ. ಅಂಗೈ ಸಹಾಯಕ್ಕೆ ಬರದಿದ್ದಾಗ ಮುಂಗೈಗೆ ಎಷ್ಟು ಕೆಲಸವಿದೆ ಅಂತ ತಾನಾಗಿಯೇ ಗೊತ್ತಾಗುತ್ತದೆ. ಎಲ್ಲ ಡ್ರಿಲ್‌ಗಳಲ್ಲಿ ಒಂದನ್ನೇ ಆರಿಸಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಭುಜದ ಬಗ್ಗೆ ಎಚ್ಚರ ಇರಲಿ. ಕೈ ತಲೆಯ ಮುಂದೆ ನಡುಗೆರೆ ದಾಟಿ ಆಚೆ ಹೋಗುತ್ತಿದ್ದರೆ ಮೈ ಹಾವಿನಂತೆ ಬಳುಕುತ್ತದೆ, ಭುಜದ ಕೀಲಿಗೂ ಪೆಟ್ಟು. ಭುಜದ ನೇರಕ್ಕೇ ಕೈ ಇಳಿಸಿ. ಹೆಬ್ಬೆರಳು ಮೊದಲು ಬೇಡ, ಬೆರಳ ತುದಿಗಳು ಮೊದಲು ಹೋಗಲಿ. ನೋವಿದ್ದರೆ ಸುಮ್ನೆ ಮುಂದುವರಿಸಬೇಡಿ.

ಕಿಕ್ ಸೊಂಟದಿಂದ ಬರಲಿ, ಕಣಕಾಲು ಸಡಿಲ ಇರಲಿ. ಮಂಡಿ ಜಾಸ್ತಿ ಮಡಚಿದರೆ ತೊಡೆಯೇ ನೀರಿಗೆ ಅಡ್ಡ ನಿಲ್ಲುತ್ತದೆ. ದೂರದ ಈಜಿಗೆ ಕೈಯ ಒಂದು ಪೂರ್ತಿ ಸುತ್ತಿಗೆ ಎರಡು ಕಿಕ್ ಸಾಕು, ಸ್ಪ್ರಿಂಟ್‌ಗೆ ಸಾಮಾನ್ಯವಾಗಿ ಆರು.

ಗೋಡೆ ಒದ್ದ ಮೇಲೆ ತಕ್ಷಣ ಮೇಲೆ ಬರಬೇಡಿ. ನೀರಿನ ಮೇಲ್ಮೈಯಲ್ಲಿ ಅಲೆ ಎಬ್ಬಿಸುವುದಕ್ಕೇ ಶಕ್ತಿ ಖರ್ಚಾಗುತ್ತದೆ, ಸ್ವಲ್ಪ ಆಳದಲ್ಲಿ ಆ ತಡೆ ಕಡಿಮೆ. ಸ್ಪರ್ಧೆಯಲ್ಲಿ ಫ್ರೀಸ್ಟೈಲ್‌ಗೆ 15 ಮೀಟರ್‌ವರೆಗೆ ಒಳಗಿರಬಹುದು. ಆದರೆ ನಿಮ್ಮ ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಅಲೆಯಂತೆ ಒದೆಯುವುದು) ನಿಧಾನವಾಗಿದ್ದರೆ ಅಷ್ಟು ದೂರ ಎಳೆಯುವುದರಲ್ಲಿ ಲಾಭವಿಲ್ಲ.

ಸುಧಾರಿಸಿದೆಯಾ ಅಂತ ನೋಡಲು ಒಂದು ಲ್ಯಾಪ್‌ಗೆ ಎಷ್ಟು ಸ್ಟ್ರೋಕ್ (ಕೈ ಬೀಸು) ಅಂತ ಎಣಿಸಿ, ಸಮಯವನ್ನೂ ಬರೆದಿಡಿ. ಸ್ಟ್ರೋಕ್ ಕಡಿಮೆಯಾಗಿ ಸಮಯ ಜಾಸ್ತಿಯಾಗಿದ್ದರೆ ಕೈ ಚಾಚಿಕೊಂಡು ಸುಮ್ಮನೆ ತೇಲುತ್ತಿದ್ದೀರಿ ಅಂತ. ಆಗ ಮುಂದಿನ ಸ್ಟ್ರೋಕ್ ಸ್ವಲ್ಪ ಬೇಗ ಶುರು ಮಾಡಿ.