ಹಾಯಿಕಂಬ ದುಂಡಗೆ ಮಾಡುವವರಿಗೆ

ಸಣ್ಣ ಹಾಯಿದೋಣಿಗೆ ಮರದ ಕಂಬ ಮಾಡ್ತಿರೋರು ಚೌಕದಿಂದ ನೇರ ದುಂಡಗೆ ಕೆತ್ತೋಕೆ ಹೋಗಬೇಡಿ. ಮೊದಲು ಚೌಕದಲ್ಲೇ ತುದಿಯ ಕಡೆಗೆ ಸಪೂರ ಮಾಡಿ, ಆಮೇಲೆ ಎಂಟು ಮೂಲೆ, ಹದಿನಾರು, ಕೊನೆಗೆ ದುಂಡು.

ಎಂಟು ಮೂಲೆಯ ಗೆರೆ ಎಳೆಯೋಕೆ ಒಂದು ಮರದ ಪಟ್ಟಿ ತಗೊಂಡು, ಅದರ ಎರಡು ಕೊನೆಗೂ ಒಂದೊಂದು ಗೂಟ ಕೂರಿಸಿ. ಆ ಎರಡು ಗೂಟಗಳ ನಡುವಿನ ಜಾಗ ಕಂಬದ ಅತಿ ದಪ್ಪಕ್ಕಿಂತ ಚೂರು ಜಾಸ್ತಿ ಇರಲಿ. ಆ ಜಾಗವನ್ನು 7:10:7 ಅನುಪಾತದಲ್ಲಿ ಭಾಗ ಮಾಡಿ, ಎರಡು ಗುರುತಿನಲ್ಲೂ ಪೆನ್ಸಿಲ್ ಕೂರಿಸಿ. ಪಟ್ಟಿಯನ್ನು ಓರೆ ತಿರುಗಿಸಿ, ಎರಡೂ ಗೂಟ ಕಂಬದ ಬದಿಗೆ ಒತ್ತಿಕೊಂಡಿರೋ ಹಾಗೆ ಎಳೆದರಾಯ್ತು. ಕಂಬ ಸಪೂರ ಆದಂತೆ ಪಟ್ಟಿ ಇನ್ನಷ್ಟು ಓರೆಯಾಗುತ್ತೆ, ಗೆರೆ ತಾನಾಗೇ ಒಳಗೆ ಬರುತ್ತೆ. ಲೆಕ್ಕದ ತಲೆನೋವೇ ಇಲ್ಲ. ಗೆರೆವರೆಗೆ ಮಾತ್ರ ಕೀಸುಳಿ ಹಾಕಿ.

ಮರ ಸಿಟ್ಕಾ ಸ್ಪ್ರೂಸ್ ಅಥವಾ ಡಗ್ಲಸ್ ಫರ್ ಆದರೆ ಒಳ್ಳೇದು. ಯಾವುದೇ ಇರಲಿ, ಎಳೆ ಉದ್ದಕ್ಕೂ ನೇರ ಇರಬೇಕು. ಎಳೆ ಓರೆಯಾಗಿ ಬದಿಗೆ ಹೊರಬಿದ್ದ ಕಡೆಯೇ ಕಂಬ ಸೀಳೋದು. ಒಂದು ಚಿಕ್ಕ ಗಟ್ಟಿ ಗಂಟಿಗಿಂತ ನನಗೆ ಅದರ ಭಯವೇ ಹೆಚ್ಚು.

ಎಪಾಕ್ಸಿ (ಒಣಗಿ ಗಟ್ಟಿಯಾಗೋ ರಾಳದ ಲೇಪ) ಮಾತ್ರ ಬಳಿದು ಬಿಡಬೇಡಿ, ಬಿಸಿಲಿಗೆ ಹಾಳಾಗುತ್ತೆ. ಮೇಲೆ ಯುವಿ (ಬಿಸಿಲಿನ ಅತಿನೇರಳೆ ಕಿರಣ) ತಡೆಯೋ ವಾರ್ನಿಷ್ ಬೇಕೇ ಬೇಕು. ಬುಡ ಮತ್ತು ತುದಿಯ ಕೊಯ್ದ ಮುಖಕ್ಕೆ ಎರಡು ಕೈ ಜಾಸ್ತಿ ಹೊಡೀರಿ, ನೀರು ಕುಡಿಯೋದು ಅಲ್ಲಿಂದಲೇ.